ಕಲ್ಲು ಹೆಕ್ಕುವ ಬಕೆಟ್: ಐದಡಿ ಸಾಕಾ, ಆರಡಿ ಬೇಕಾ?

ಪ್ರಶ್ನೆ: ಹೆಬ್ರಿ ಹತ್ತಿರ ನಮ್ಮದು ಎರಡೂವರೆ ಎಕರೆ ಬೆಟ್ಟು ಜಾಗ. ಹಳೆಯ ಗೇರು ಮರ ತೆಗೆಸಿ ಅಡಿಕೆ ಇಡಬೇಕು ಅಂತಿದ್ದೇವೆ. ಮಣ್ಣಿನ ತುಂಬ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ತುಂಡು, ಅಲ್ಲಲ್ಲಿ ಕರಿಕಲ್ಲು. ನಾಲ್ಕೂ ಚಕ್ರಕ್ಕೆ ಡ್ರೈವ್ ಇರುವ 45 ಎಚ್‌ಪಿ ಟ್ರ್ಯಾಕ್ಟರ್ ಇದೆ. ಮುಂದೆ ಲೋಡರ್ ಕೂರಿಸಿದ್ದೇವೆ, ಅದರ ಪ್ಲೇಟಿನಲ್ಲಿ 800 ಕೆಜಿ ಅಂತ ಬರೆದಿದೆ. ಈಗ ಇರುವುದು ಆರಡಿಯ ಮಣ್ಣಿನ ಬಕೆಟ್. ಹಲ್ಲು ಹಲ್ಲಾಗಿ ಇರುವ ರಾಕ್ ಬಕೆಟ್ ಹಾಕಿದರೆ ಕಲ್ಲು ಹೆಕ್ಕುವ ಆಳಿನ ಖರ್ಚು ಉಳಿಯುತ್ತದೆ ಅನಿಸುತ್ತದೆ. ಎಷ್ಟು ಅಗಲ ತೆಗೆದುಕೊಳ್ಳಲಿ? ಹಲ್ಲುಗಳ ನಡುವೆ ಎಷ್ಟು ಜಾಗ ಇರಬೇಕು? ಮೇಲಿನಿಂದ ಕಚ್ಚಿ ಹಿಡಿಯುವ ಗ್ರ್ಯಾಪಲ್ ಬೇಕಾ? ಇಲ್ಲೇ ಮಾಡಿಸಿದರೆ ನಡೆದೀತಾ?

ಉತ್ತರ: ಐದಡಿ ಸಾಕು. ಹಲ್ಲುಗಳ ನಡುವೆ ಮೂರಿಂಚು. ಗ್ರ್ಯಾಪಲ್ ಈಗ ಬೇಡ. ಇಲ್ಲೇ ಮಾಡಿಸಬಹುದು, ಆದರೆ ಪಕ್ಕದಲ್ಲಿ ನಿಂತು ಮಾಡಿಸಬೇಕು. ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ನಾನು ನಿಮ್ಮ ಜಾಗ ನೋಡಿಲ್ಲ. ಕಾರಣ ಗೊತ್ತಿದ್ದರೆ ಅಲ್ಲಿ ನಿಂತು ನೀವೇ ಲೆಕ್ಕ ತಿದ್ದಿಕೊಳ್ಳಬಹುದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಬಿಡೋಣ. ರಾಕ್ ಬಕೆಟ್ ಅಂದ ತಕ್ಷಣ ಬಂಡೆ ಕೀಳುವ ಬಕೆಟ್ ಅಂತ ಹೆಚ್ಚಿನವರು ತಿಳಿದುಕೊಳ್ಳುತ್ತಾರೆ. ಹೆಸರು ಹಾಗಿದೆ, ಏನು ಮಾಡುವುದು. ನಿಜಕ್ಕೂ ಅದೊಂದು ಜರಡಿ. ಸಡಿಲ ಮಣ್ಣಿನೊಳಗೆ ತೂರಿಸಿ, ಎತ್ತಿ, ಅಲ್ಲಾಡಿಸಿದರೆ ಮಣ್ಣು ಕೆಳಗೆ, ಕಲ್ಲು ಮೇಲೆ. ಅಷ್ಟೇ ಅದರ ಕೆಲಸ. ನೆಲದಲ್ಲಿ ಹೂತ ಬಂಡೆಯನ್ನು ಇದರ ಹಲ್ಲಿನಿಂದ ಮೀಟಲು ಹೋದರೆ ಒಂದೋ ಹಲ್ಲು ಬಾಗುತ್ತದೆ, ಇಲ್ಲವೇ ಲೋಡರಿನ ತೋಳು ತಿರುಚಿಕೊಳ್ಳುತ್ತದೆ. ಒಂದೇ ಹಲ್ಲಿನ ತುದಿಗೆ ಬಂಡೆ ಸಿಕ್ಕಿದಾಗ ಇಡೀ ಟ್ರ್ಯಾಕ್ಟರಿನ ಬಲ ಆ ಒಂದು ಮೂಲೆಗೆ ಬೀಳುತ್ತದೆ. ಜೆಸಿಬಿ, ಹಿಟಾಚಿಗಳು ಹುಟ್ಟಿದ್ದೇ ಆ ಕೆಲಸಕ್ಕೆ. ನಿಮ್ಮ ಲೋಡರ್ ಹಾಗಲ್ಲ.

ಆದ್ದರಿಂದ ನಿಮ್ಮ ಜಾಗದ ಕೆಲಸ ಎರಡು ಹಂತದ್ದು. ಗೇರಿನ ಬುಡ, ದೊಡ್ಡ ಕರಿಕಲ್ಲು ಇವನ್ನು ಬಾಡಿಗೆಯ ಹಿಟಾಚಿಯಿಂದ ಒಂದೆರಡು ದಿನದಲ್ಲಿ ತೆಗೆಸಿಬಿಡಿ. ಉಳಿದ ಪುಡಿಗಲ್ಲಿಗೆ ನಿಮ್ಮ ಬಕೆಟ್.

ಈಗ ಹಲ್ಲುಗಳ ನಡುವಿನ ಜಾಗ. ಅಂಗಡಿಯಲ್ಲಿ ಕೇಳಿದರೆ ಅವರ ಹತ್ತಿರ ಇರುವುದೇ ಸರಿ ಅಂತ ಹೇಳುತ್ತಾರೆ. ನಿಮ್ಮ ಜಾಗವನ್ನೇ ಕೇಳಿ. ನಾನು ಮಾಡಿಸುವ ಪರೀಕ್ಷೆ ತುಂಬ ಸಾದಾ. ಜಾಗದ ನಾಲ್ಕು ಕಡೆ ಒಂದೊಂದು ಅಡಿ ಆಳ ಅಗೆದು ಒಂದೊಂದು ಬುಟ್ಟಿ ಮಣ್ಣು ತೆಗೆಯಿರಿ. ಟಾರ್ಪಾಲಿನ ಮೇಲೆ ಸುರಿದು ಕಲ್ಲು ಬೇರೆ ಮಾಡಿ. ಎರಡು ಕಬ್ಬಿಣದ ಸರಳುಗಳನ್ನು ಮೂರಿಂಚು ಅಂತರದಲ್ಲಿ ಎರಡು ಇಟ್ಟಿಗೆಯ ಮೇಲೆ ಇಡಿ. ಒಂದೊಂದೇ ಕಲ್ಲನ್ನು ಆ ಸಂದಿಗೆ ಹಾಕಿ ನೋಡಿ. ಕೆಳಗೆ ಬಿದ್ದದ್ದು ಒಂದು ರಾಶಿ, ಮೇಲೆ ನಿಂತದ್ದು ಇನ್ನೊಂದು ರಾಶಿ. ಆಮೇಲೆ ಬಿದ್ದ ರಾಶಿಯನ್ನು ನೋಡಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ತೋಟದಲ್ಲಿ ಉಳಿದರೆ ನನಗೆ ತೊಂದರೆ ಇದೆಯಾ?

ಅಡಿಕೆಗಾದರೆ ಮುಷ್ಟಿಗಿಂತ ಸಣ್ಣ ಮುರದ ತುಂಡು ಉಳಿದರೆ ಏನೂ ಆಗುವುದಿಲ್ಲ. ನೀರು ಇಂಗಲು ಒಳ್ಳೆಯದೇ. ಗುಂಡಿ ತೆಗೆಯುವಾಗ ಅಡ್ಡ ಬರುವುದು, ಹುಲ್ಲು ಕತ್ತರಿಸುವ ಮೆಷಿನ್ನಿನ ಬ್ಲೇಡಿಗೆ ಹೊಡೆಯುವುದು ಅದಕ್ಕಿಂತ ದೊಡ್ಡದು. ಅದು ಮೂರಿಂಚಿನ ಸಂದಿಯಲ್ಲಿ ಬೀಳುವುದಿಲ್ಲ. ತರಕಾರಿಗೋ ಮನೆ ಎದುರಿನ ಹುಲ್ಲುಹಾಸಿಗೋ ಆಗಿದ್ದರೆ ಎರಡಿಂಚು ಅನ್ನುತ್ತಿದ್ದೆ.

"ಸಣ್ಣ ಸಂದಿ ಇದ್ದರೆ ಎಲ್ಲಾ ಕಲ್ಲೂ ಬರುತ್ತದಲ್ಲ, ಅದೇ ಒಳ್ಳೆಯದಲ್ವಾ?" ಅಂತ ತುಂಬ ಜನ ಕೇಳುತ್ತಾರೆ. ಬರುತ್ತದೆ, ಜೊತೆಗೆ ಮಣ್ಣೂ ಬರುತ್ತದೆ. ನಮ್ಮ ಮಣ್ಣಿನಲ್ಲಿ ಅಂಟು ಇದೆ. ಸ್ವಲ್ಪ ತೇವ ಇದ್ದರೂ ಎರಡಿಂಚಿನ ಸಂದಿ ಹತ್ತು ನಿಮಿಷದಲ್ಲಿ ಕಟ್ಟಿಕೊಂಡು, ಜರಡಿ ಹೋಗಿ ಮಾಮೂಲಿ ಬಕೆಟ್ ಆಗಿಬಿಡುತ್ತದೆ. ಆಮೇಲೆ ಹಾರೆ ಹಿಡಿದು ಸಂದಿ ಸಂದಿ ಕುಕ್ಕುತ್ತಾ ಕೂರಬೇಕು. ಇನ್ನೊಂದು ಲೆಕ್ಕ ತೂಕದ್ದು. ಐದಡಿ ಅಂದರೆ ಸುಮಾರು 1,500 ಮಿಮೀ. 12 ಮಿಮೀ ದಪ್ಪದ ಹಲ್ಲು, ನಡುವೆ 75 ಮಿಮೀ ಇಟ್ಟರೆ 18 ಹಲ್ಲು ಸಾಕು. ನಡುವೆ 50 ಮಿಮೀ ಇಟ್ಟರೆ 25 ಬೇಕು. 65 ಮಿಮೀ ಅಗಲದ ಪಟ್ಟಿಯಲ್ಲಿ ಮಾಡಿದ ಒಂದು ಹಲ್ಲು ಹತ್ತಿರ ಹತ್ತಿರ ಏಳು ಕೆಜಿ ಬರುತ್ತದೆ. ಏಳು ಹಲ್ಲು ಜಾಸ್ತಿ ಅಂದರೆ 50 ಕೆಜಿ ಜಾಸ್ತಿ. ಕಲ್ಲು ಎತ್ತುವ ಶಕ್ತಿಯಲ್ಲಿ ಅಷ್ಟು ಖೋತಾ.

ಅಗಲದ ಪ್ರಶ್ನೆಯೂ ಕೊನೆಗೆ ತೂಕಕ್ಕೇ ಬಂದು ನಿಲ್ಲುತ್ತದೆ. ಪ್ಲೇಟಿನ ಮೇಲಿನ 800 ಕೆಜಿಯನ್ನು ಹಾಗೇ ನಂಬಬೇಡಿ. ಆ ಅಂಕಿ ಸಾಮಾನ್ಯವಾಗಿ ತೋಳಿನ ತುದಿಯ ಪಿನ್ನಿನ ಹತ್ತಿರದ್ದು. ಕಲ್ಲು ಕೂರುವುದು ಪಿನ್ನಿನ ಮೇಲಲ್ಲ, ಅದಕ್ಕಿಂತ ಅರ್ಧ ಮೀಟರ್ ಮುಂದೆ. ಅಷ್ಟು ಮುಂದೆ ಹೋದರೆ ಎತ್ತುವ ಶಕ್ತಿ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. 580 ಕೆಜಿ ಅಂತ ಇಟ್ಟುಕೊಳ್ಳಿ. ಅದರಲ್ಲಿ ಬಕೆಟ್ಟಿನದ್ದೇ ತೂಕ ಕಳೆಯಬೇಕು. 18 ಹಲ್ಲಿನ ಐದಡಿ ಬಕೆಟ್, ಪಕ್ಕದ ತಗಡು, ಅಡ್ಡ ಪೈಪು, ಪಿನ್ ಕೂರುವ ಕಿವಿ ಎಲ್ಲ ಸೇರಿ 210 ಕೆಜಿ ಆಸುಪಾಸು. ಉಳಿದದ್ದು 370. ನಿಮ್ಮ ಲೋಡರ್ ನಿಜವಾಗಿ ಎತ್ತುವ ಕಲ್ಲು ಅಷ್ಟೇ.

ಈಗ ಐದಡಿ ಬಕೆಟ್ಟಿನಲ್ಲಿ ಎಷ್ಟು ಕಲ್ಲು ಹಿಡಿಯುತ್ತದೆ ನೋಡಿ. ಏರಾಗಿ ತುಂಬಿದರೆ 0.35 ಘನ ಮೀಟರ್ ಹತ್ತಿರ. ಮುರಕಲ್ಲಿನ ತುಂಡುಗಳ ರಾಶಿ, ನಡುವಿನ ಗಾಳಿ ಬಿಟ್ಟು, ಘನ ಮೀಟರಿಗೆ ಸುಮಾರು 1,300 ಕೆಜಿ ತೂಗುತ್ತದೆ. ಅಂದರೆ 450 ಕೆಜಿ. ಐದಡಿ ಬಕೆಟ್ಟೇ ಏರಾಗಿ ತುಂಬಿದರೆ ನಿಮ್ಮ ಲೋಡರಿಗೆ ಹೊರೆ. ಆರಡಿ ತೆಗೆದುಕೊಂಡರೆ ಬಕೆಟ್ಟಿನ ತೂಕ ಇನ್ನೂ 35 ಕೆಜಿ ಏರುತ್ತದೆ, ಎತ್ತುವ ಕಲ್ಲು ಅಷ್ಟೇ ಇಳಿಯುತ್ತದೆ. ದೊಡ್ಡ ಚೀಲ ತೆಗೆದುಕೊಂಡು ಅರ್ಧ ತುಂಬಿಸಿದ ಹಾಗೆ.

ಬಕೆಟ್ ಯಾವಾಗಲೂ ಚಕ್ರದಷ್ಟೇ ಅಗಲ ಇರಬೇಕು ಅಂತ ಒಂದು ಮಾತಿದೆ. ಮಣ್ಣು ಸಮತಟ್ಟು ಮಾಡುವಾಗ ಅದು ಸರಿ. ಚಕ್ರ ತುಳಿಯುವ ಜಾಗವನ್ನು ಬಕೆಟ್ ಮೊದಲೇ ಕೆರೆದಿರಬೇಕು. ಕಲ್ಲು ಹೆಕ್ಕುವಾಗ ಅಷ್ಟು ಕಟ್ಟುನಿಟ್ಟು ಬೇಡ. ಹಿಂದಿನ ಚಕ್ರ ಅಂಚಿನ ನಾಲ್ಕು ಕಲ್ಲು ತುಳಿಯುತ್ತದೆ, ಮುಂದಿನ ಸುತ್ತಿನಲ್ಲಿ ಸ್ವಲ್ಪ ಒತ್ತಿಕೊಂಡು ಬಂದರೆ ಅವೂ ಸಿಗುತ್ತವೆ. ಅಡಿಕೆಗೆ ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವ ಅಂತರ 2.7 ಮೀಟರ್, ಅಂದರೆ ನಮ್ಮ ಒಂಬತ್ತಡಿ. ಗಿಡ ಇಟ್ಟ ಮೇಲೂ ಸಾಲಿನ ನಡುವೆ ಲೋಡರ್ ಓಡಿಸಬಹುದು ಅಂತ ನಿಮ್ಮ ಮನಸ್ಸಿನಲ್ಲಿದ್ದರೆ ಈಗಲೇ ಬಿಟ್ಟುಬಿಡಿ. ಜಾಗ ಸಿಕ್ಕೀತು, ಆದರೆ ಅಡಿಕೆಯ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡುವುದು. ಮೂರು ಟನ್ನಿನ ಹತ್ತಿರದ ತೂಕ ಅದರ ಮೇಲೆ ಓಡಾಡುವುದು ಬೇಡ. ಕಲ್ಲಿನ ಕೆಲಸವೆಲ್ಲ ಗಿಡ ಇಡುವ ಮೊದಲೇ ಮುಗಿಯಲಿ.

ಕರಿಕಲ್ಲಿನ ಬಗ್ಗೆ ಬೇರೆಯೇ ಹೇಳಬೇಕು, ಅದರ ತೂಕ ಕಣ್ಣಿಗೆ ಮೋಸ ಮಾಡುತ್ತದೆ. ಘನ ಮೀಟರಿಗೆ ಸುಮಾರು 2,650 ಕೆಜಿ. ಒಂದೂವರೆ ಅಡಿ ಉದ್ದ, ಅಗಲ, ದಪ್ಪ ಇರುವ ಚೌಕದ ಕಲ್ಲು 250 ಕೆಜಿ. ಎರಡಡಿಯದ್ದಾದರೆ ನೇರ 570ರ ಮೇಲೆ ಹೋಗುತ್ತದೆ. ಉರುಟಾಗಿದ್ದರೆ ಅದರ ಅರ್ಧ ಅಂತ ಹಿಡಿಯಿರಿ. ನೋಡಲು ಅರ್ಧ ಅಡಿಯ ವ್ಯತ್ಯಾಸ, ತೂಕದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ಹಿಂದಿನ ಕಲ್ಲು ಬಂತಲ್ಲ, ಇದೂ ಬರುತ್ತದೆ ಅಂತ ಹೋದವರೇ ಸಿಕ್ಕಿಬೀಳುವುದು. ಎತ್ತದಿದ್ದರೆ ಅಲ್ಲೇ ಬಿಡಿ. ಪ್ರೆಷರ್ ಏರಿಸುತ್ತೇನೆ ಅಂತ ಯಾರಾದರೂ ಹೈಡ್ರಾಲಿಕ್ ಎಣ್ಣೆಯ ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವಿಗೆ ಸ್ಪಾನರ್ ಹಾಕಲು ಬಂದರೆ ಚಹಾ ಕೊಟ್ಟು ಕಳಿಸಿಬಿಡಿ.

ಇಷ್ಟು ಲೆಕ್ಕ ಹಾಕಿದ ಮೇಲೆ ಟ್ರ್ಯಾಕ್ಟರಿನ ಹಿಂಭಾಗವನ್ನು ಮರೆಯುವ ಹಾಗಿಲ್ಲ. ನಮ್ಮ ಹಿರಿಯರು ತೋಟಕ್ಕೆ ನೀರು ಎತ್ತುತ್ತಿದ್ದ ಏತ ನೆನಪಿದೆಯಾ? ಮುಂದೆ ನೀರಿನ ಮರಿಗೆ, ಹಿಂದೆ ಕಟ್ಟಿದ ಕಲ್ಲು. ಆ ಕಲ್ಲು ಇಲ್ಲದಿದ್ದರೆ ಎಳೆಯುವವನ ರಟ್ಟೆ ಹೋಗುತ್ತಿತ್ತು. ಲೋಡರ್ ಟ್ರ್ಯಾಕ್ಟರ್ ಕೂಡ ಏತವೇ. ಮುಂದಿನ ಆಕ್ಸಲ್ ನಡುವಿನ ಕಂಬ. ಬಕೆಟ್ ಮತ್ತು ಕಲ್ಲು ಸೇರಿ 580 ಕೆಜಿ, ಆಕ್ಸಲ್‌ನಿಂದ ಒಂದೂವರೆ ಮೀಟರ್ ಮುಂದೆ ಇದೆ ಅನ್ನಿ. ಎರಡು ಆಕ್ಸಲ್‌ಗಳ ನಡುವೆ ಎರಡು ಮೀಟರ್. ಆಗ ಹಿಂದಿನ ಚಕ್ರದ ಮೇಲಿಂದ 435 ಕೆಜಿ ತೂಕ ಎದ್ದು ಹೋಗುತ್ತದೆ. ಮುಂದಿನ ಆಕ್ಸಲ್ ಮೇಲೆ ಸಾವಿರ ಕೆಜಿಗೂ ಜಾಸ್ತಿ ಬಂದು ಕೂರುತ್ತದೆ. ಲೋಡರಿನ ಸ್ವಂತ ತೂಕ ಇದರಲ್ಲಿ ಸೇರಿಲ್ಲ. ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ. ಆ ಚಕ್ರವೇ ಹಗುರಾದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಏನು ಪ್ರಯೋಜನ?

ಉಪಾಯ ಕಷ್ಟದ್ದಲ್ಲ. 200 ಲೀಟರಿನ ಹಳೆ ಡ್ರಮ್ಮಿಗೆ ಕಾಂಕ್ರೀಟ್ ತುಂಬಿಸಿ, ಎರಕ ಹಾಕುವಾಗಲೇ ಹಿಂದಿನ ಮೂರು ಲಿಂಕಿಗೆ ಸಿಗುವ ಹಾಗೆ ಪಿನ್ ಕೂರಿಸಿ. ಪೂರ್ತಿ ತುಂಬಿದರೆ 480 ಕೆಜಿ ಆಗುತ್ತದೆ. ಮುಕ್ಕಾಲಿಗಿಂತ ಸ್ವಲ್ಪ ಮೇಲೆ ತುಂಬಿಸಿದರೆ 400, ನಿಮಗೆ ಅಷ್ಟು ಸಾಕು. ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ ನೇತಾಡುವ 400 ಕೆಜಿ, ಹಿಂದಿನ ಚಕ್ರಕ್ಕೆ 600 ಕೆಜಿ ಭಾರ ಕೊಡುತ್ತದೆ, ಮುಂದಿನ ಆಕ್ಸಲ್‌ಗೆ 200 ಕೆಜಿ ಇಳಿಸುತ್ತದೆ. ಟಯರಿಗೆ ನೀರು ತುಂಬಿಸುವುದೂ ಒಳ್ಳೆಯದೇ. ಆದರೆ ನೀರು ಹಿಂದಿನ ಚಕ್ರವನ್ನು ಮಾತ್ರ ಭಾರ ಮಾಡುತ್ತದೆ, ಮುಂದಿನ ಆಕ್ಸಲ್‌ನ ಹೊರೆ ಇಳಿಸುವುದಿಲ್ಲ. ಮುಂದಿನ ಹಬ್ಬಿನ ಬೇರಿಂಗ್ ಮತ್ತು ಸೀಲ್ ಉಳಿಸುವುದು ಹಿಂದೆ ನೇತುಹಾಕಿದ ತೂಕ. ನನ್ನನ್ನು ಕೇಳಿದರೆ ಬಕೆಟ್ಟಿಗಿಂತ ಮೊದಲು ಈ ಡ್ರಮ್ ಮಾಡಿಸಿ ಅನ್ನುತ್ತೇನೆ.

ಗ್ರ್ಯಾಪಲ್ ಬೇಡ ಅಂದದ್ದಕ್ಕೂ ಕಾರಣ ತೂಕವೇ. ಮೇಲಿನ ದವಡೆ, ಸಿಲಿಂಡರ್, ಹೋಸು ಸೇರಿ ಇನ್ನೊಂದು ನೂರು ಕೆಜಿ ಸುಲಭವಾಗಿ ಏರುತ್ತದೆ. 370ರಲ್ಲಿ ನೂರು ಹೋದರೆ ಉಳಿಯುವುದೇನು? ಅದರ ಮೇಲೆ ಅದನ್ನು ತೆರೆದು ಮುಚ್ಚಲು ಹೈಡ್ರಾಲಿಕ್ಕಿನಲ್ಲಿ ಇನ್ನೊಂದು ಲೈನ್, ಎಣ್ಣೆಯನ್ನು ಅದಕ್ಕೆ ತಿರುಗಿಸುವ ಡೈವರ್ಟರ್ ವಾಲ್ವ್ ಬೇಕು. ಗೇರಿನ ಗೆಲ್ಲು, ಬುಡ, ಪೊದೆ ಸಾಗಿಸುವ ಕೆಲಸ ತಿಂಗಳುಗಟ್ಟಲೆ ಇದ್ದರೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಪುಡಿಗಲ್ಲಿಗೆ ಅದರಿಂದ ಏನೂ ಲಾಭವಿಲ್ಲ.

ಇನ್ನು ಮಾಡಿಸುವ ವಿಷಯ. ಮಂಗಳೂರಿನ ಬೈಕಂಪಾಡಿಯಲ್ಲೂ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲೂ ದಪ್ಪ ತಗಡು ಕತ್ತರಿಸಿ ಬಗ್ಗಿಸುವವರು ಸಿಗುತ್ತಾರೆ. ನಿಮ್ಮೂರಿನ ವೆಲ್ಡಿಂಗ್ ಶಾಪಿನವರೂ ಮಾಡಿಯಾರು. ಯಾರು ಮಾಡುತ್ತಾರೆ ಅನ್ನುವುದಕ್ಕಿಂತ ಹಲ್ಲನ್ನು ಹೇಗೆ ಕೂರಿಸುತ್ತಾರೆ ಅನ್ನುವುದು ಮುಖ್ಯ.

ನಾನು ಮಾಡಿದ ಮೊದಲ ರಾಕ್ ಬಕೆಟ್ಟಿನ ಕಥೆ ಹೇಳುತ್ತೇನೆ. ಲಾರಿಯ ಹಳೆ ಪ್ಲೇಟ್ ಸ್ಪ್ರಿಂಗ್ ಸಿಕ್ಕಿತ್ತು. ಗಟ್ಟಿ ಉಕ್ಕು, ಬಾಗುವುದಿಲ್ಲ, ಸವೆಯುವುದಿಲ್ಲ, ಇದಕ್ಕಿಂತ ಒಳ್ಳೆಯ ಹಲ್ಲು ಉಂಟಾ ಅಂತ ಖುಷಿಯಲ್ಲಿ ಕತ್ತರಿಸಿ ಹಿಂದಿನ ಪೈಪಿಗೆ ಬೆಸುಗೆ ಹಾಕಿದೆ. ಎರಡನೇ ದಿನ ಬೆಳಿಗ್ಗೆ ಟಕ್ ಅಂತ ಒಂದು ಶಬ್ದ. ಇಳಿದು ನೋಡಿದರೆ ಐದನೇ ಹಲ್ಲು ಬುಡದಲ್ಲೇ ಇಲ್ಲ. ಬಾಗಿರಲೂ ಇಲ್ಲ, ಗಾಜಿನ ಹಾಗೆ ಮುರಿದಿತ್ತು. ಮುರಿದ ಜಾಗದಲ್ಲಿ ಸಕ್ಕರೆಯ ಹರಳಿನಂತೆ ಬೂದು ಬಣ್ಣದ ಹೊಳಪು. ಬೆಸುಗೆ ಹಿಡಿದೇ ಇತ್ತು, ಮುರಿದದ್ದು ಅದರ ಪಕ್ಕದ ಉಕ್ಕು. ಸ್ಪ್ರಿಂಗಿನಲ್ಲಿ ಇಂಗಾಲ ಜಾಸ್ತಿ. ಬಿಸಿ ಮಾಡದೆ ಬೆಸೆದು, ಹಾಗೇ ತಣಿಯಲು ಬಿಟ್ಟರೆ ಬೆಸುಗೆಯ ಅಂಚಿನಲ್ಲಿ ಅದು ಪೆಡಸಾಗಿಬಿಡುತ್ತದೆ. ನನಗದು ಗೊತ್ತಿರಲಿಲ್ಲ ಅಂತಲ್ಲ, ಆತುರದಲ್ಲಿ ಮರೆತೆ. ಬಿದ್ದ ಹಲ್ಲು ಕಲ್ಲಿನ ನಡುವೆ ಎಲ್ಲಿ ಹೋಯಿತೋ ಸಿಗಲಿಲ್ಲ. ಎರಡು ವಾರದ ಮೇಲೆ ಸಿಕ್ಕಿತು, ಹಿಂದಿನ ಟಯರಿಗೆ.

ಹಾಗಾಗಿ ಸ್ಪ್ರಿಂಗ್ ಬೇಡ. ಮಾಮೂಲಿ ಐಎಸ್ 2062 ಉಕ್ಕಿನಲ್ಲೇ ಮಾಡಿಸಿ. ಅದರಲ್ಲಿ ಇ-350 ದರ್ಜೆ ಸಿಕ್ಕಿದರೆ ಇನ್ನೂ ಒಳ್ಳೆಯದು, ಇ-250 ಆದರೂ ನಡೆಯುತ್ತದೆ. ಬಾಗಿದರೆ ಬಿಸಿ ಮಾಡಿ ಬಡಿದು ಸರಿ ಮಾಡಬಹುದು. ಬೇಗ ಸವೆಯದ ಹಾರ್ಡಾಕ್ಸ್ ಉಕ್ಕು ಬೇಕೇ ಅಂತ ಕೇಳುವವರಿದ್ದಾರೆ. ದಿನವೂ ಕೋರೆಯಲ್ಲಿ ಕೆಲಸ ಇದ್ದವರಿಗೆ ಸರಿ, ಎರಡೂವರೆ ಎಕರೆಗೆ ಸುಮ್ನೆ ದುಡ್ಡು ದಂಡ.

ಹಲ್ಲನ್ನು ಹಿಂದಿನ ಪೈಪಿನ ಮೇಲೆ ಇಟ್ಟು ಅಂಟಿಸಿದ ಹಾಗೆ ಬೆಸೆಯಬಾರದು. ಪೈಪಿನಲ್ಲಿ ಸೀಳು ಕತ್ತರಿಸಿ, ಹಲ್ಲು ಅದರೊಳಗೆ ತೂರಿ, ಎರಡೂ ಕಡೆ ಬೆಸುಗೆ ಬೀಳಬೇಕು. ಆಗ ಹೊರೆ ಬೀಳುವುದು ಪೈಪಿನ ಮೇಲೆ, ಬೆಸುಗೆಯ ಗೆರೆಯ ಮೇಲಲ್ಲ. ಹಲ್ಲುಗಳ ಕೆಳಗೆ ನಡುಮಧ್ಯದಲ್ಲಿ ಇನ್ನೊಂದು ಅಡ್ಡಪಟ್ಟಿ ಇರಲಿ, ಅದು ಎಲ್ಲ ಹಲ್ಲುಗಳನ್ನೂ ಪಕ್ಕಕ್ಕೆ ವಾಲದಂತೆ ಹಿಡಿದುಕೊಳ್ಳುತ್ತದೆ. ತುದಿ ಆರೇಳು ಇಂಚು ಮುಂದಕ್ಕೆ ಬಿಡುವಾಗಿರಲಿ. ತುದಿಗಳನ್ನೂ ಸೇರಿಸಿ ಒಂದು ಪಟ್ಟಿ ಹೊಡೆಸುವವರಿದ್ದಾರೆ. ಬಲ ಬರುತ್ತದೆ ನಿಜ, ಆದರೆ ಕಲ್ಲಿನ ಅಡಿಗೆ ತೂರುವ ಗುಣ ಹೋಗುತ್ತದೆ. ವೆಲ್ಡಿಂಗ್ ರಾಡು ಯಾವುದು ಅಂತ ಕೇಳಿ. ಗೇಟು ಗ್ರಿಲ್ಲಿಗೆ ಹಾಕುವ 6013 ಅಲ್ಲ, 7018 ಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ಆ ರಾಡು ಬೇಗ ತೇವ ಹಿಡಿಯುತ್ತದೆ. ಓವನ್ನಿನಲ್ಲಿ 300 ಡಿಗ್ರಿಯ ಮೇಲೆ ಒಣಗಿಸಿ ಬಳಸಬೇಕು. ಶಾಪಿನಲ್ಲಿ ಓವನ್ ಇದೆಯಾ ಅಂತ ಕಣ್ಣು ಹಾಯಿಸಿದರೆ ಅವರ ಕೆಲಸದ ಅಂದಾಜು ಅರ್ಧ ಸಿಕ್ಕಿದ ಹಾಗೆ.

ಬೆಲೆಯನ್ನು ಒಟ್ಟು ಮೊತ್ತದಲ್ಲಿ ಮಾತಾಡಬೇಡಿ, ಕೆಜಿ ಲೆಕ್ಕದಲ್ಲಿ ಮಾತಾಡಿ. ಆದರೆ ಕೆಜಿ ಲೆಕ್ಕ ಅಂದ ಕೂಡಲೇ ಅವರು ದಪ್ಪ ತಗಡಿನ ಕಡೆ ವಾಲುತ್ತಾರೆ. ನಕ್ಷೆಯಲ್ಲಿ ದಪ್ಪ ಬರೆದುಕೊಟ್ಟು, 220 ಕೆಜಿ ದಾಟಬಾರದು ಅಂತ ಮೊದಲೇ ಹೇಳಿ. ಹಾಗೆಯೇ ಬಕೆಟ್ಟಿನ ತಳ ಉದ್ದ ಮಾಡಿಸಬೇಡಿ. ಎರಡೂಕಾಲು ಅಡಿ ಸಾಕು. ಉದ್ದವಾದಷ್ಟೂ ಕಲ್ಲು ಮುಂದೆ ಕೂರುತ್ತದೆ, ಮೇಲೆ ಹಾಕಿದ ಲೆಕ್ಕ ಪೂರಾ ಕೆಡುತ್ತದೆ.

ಜೋಡಣೆಗೆ ಅಳತೆ ಬರೆದುಕೊಂಡು ಹೋಗುವುದಕ್ಕಿಂತ ಹಳೆಯ ಬಕೆಟ್ಟನ್ನೇ ಶಾಪಿಗೆ ಒಯ್ಯಿರಿ. ನಮ್ಮಲ್ಲಿ ಹೆಚ್ಚಿನ ಲೋಡರುಗಳು ನೇರ ಪಿನ್ ಹಾಕುವಂಥವು. ಪಿನ್ನಿನ ದಪ್ಪ, ಎರಡು ಕಿವಿಗಳ ನಡುವಿನ ಅಗಲ, ಕೆಳಗಿನ ಪಿನ್ನಿಗೂ ಮೇಲಿನ ಸಿಲಿಂಡರ್ ಪಿನ್ನಿಗೂ ಇರುವ ದೂರ, ಇವುಗಳಲ್ಲಿ ಕೊನೆಯದನ್ನೇ ಹೆಚ್ಚು ಜನ ತಪ್ಪುತ್ತಾರೆ. ಅದು ಒಂದಿಂಚು ಹೆಚ್ಚು ಕಡಿಮೆ ಆದರೂ ಬಕೆಟ್ ಹಿಂದಕ್ಕೆ ಪೂರ್ತಿ ವಾಲುವುದಿಲ್ಲ, ಇಲ್ಲವೇ ಸುರಿಯುವಾಗ ಪೂರ್ತಿ ಬಗ್ಗುವುದಿಲ್ಲ. ಹಿಂದಕ್ಕೆ ವಾಲದ ಬಕೆಟ್ಟಿನಿಂದ ಉರುಟು ಕಲ್ಲು ಉರುಳಿ ಬೀಳುತ್ತದೆ. ಬೇಗ ಬದಲಿಸುವ ಕ್ವಿಕ್ ಹಿಚ್ ಬಗ್ಗೆ ಆಸೆ ಬಂದರೆ ನೆನಪಿಡಿ, ಅದೂ ತೂಕವೇ, ಅದೂ ಬಕೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. ನೀವು ವರ್ಷಕ್ಕೆ ನಾಲ್ಕು ಸಲ ಬದಲಿಸುವವರು, ಇಬ್ಬರು ಸೇರಿ ಅರ್ಧ ಗಂಟೆಯಲ್ಲಿ ಪಿನ್ ಹೊಡೆದುಕೊಳ್ಳಿ.

ಕೆಲಸದ ಸಮಯ ನೀವು ಕೇಳಿಲ್ಲ, ಆದರೆ ನಮ್ಮಲ್ಲಿ ಬಕೆಟ್ಟಿಗಿಂತ ಅದೇ ದೊಡ್ಡದು. ವರ್ಷಕ್ಕೆ ಸುಮಾರು 4,000 ಮಿಮೀ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಗ ಈ ಬಕೆಟ್ ಮುಟ್ಟುವ ಹಾಗಿಲ್ಲ. ಮಾರ್ಚ್ ಮೇಲೆ ಮಣ್ಣೇ ಕಲ್ಲಿನ ಹಾಗೆ ಬಿಗಿದುಕೊಳ್ಳುತ್ತದೆ, ಹಲ್ಲು ಇಳಿಯುವುದಿಲ್ಲ. ನಡುವೆ ಸಿಗುವುದು ದೀಪಾವಳಿ ಕಳೆದ ಮೇಲಿನ ಕೆಲವು ತಿಂಗಳು. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಮೊಣಕಾಲಿನ ಎತ್ತರದಿಂದ ಬಿಡಿ. ಹಾಗೇ ಕೂತರೆ ಇನ್ನೂ ಒಂದು ವಾರ ಕಾಯಿರಿ. ಒಡೆದು ಹರಡಿದರೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ. ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಬದು ಕಟ್ಟಿ, ಮಣ್ಣಿನ ಮೇಲೆ ಹಸಿರು ಹೊದಿಕೆಗೆ ಬೀಜ ಬಿತ್ತಿ ಆಗಿರಬೇಕು. ಕಲ್ಲು ತೆಗೆದ ಬೆತ್ತಲೆ ಇಳಿಜಾರಿನ ಮೇಲೆ ಮೊದಲ ಮಳೆ ಬಿದ್ದರೆ ಮೇಲ್ಮಣ್ಣು ಸೀದಾ ಕೆಳಗಿನ ಬೈಲಿಗೆ ಹೋಗುತ್ತದೆ. ಆ ಬೈಲು ಬೇರೆಯವರದ್ದಾದರೆ ಜಗಳ ಬೇರೆ. ಇಳಿಜಾರಿಗೆ ಅಡ್ಡವಾಗಿ ಅಲ್ಲಲ್ಲಿ ಒಂದೊಂದು ಪಟ್ಟಿ ಕಲ್ಲು ತೆಗೆಯದೆ ಬಿಟ್ಟುಬಿಡಿ, ಅದೇ ಬದು.

ಮುರಕಲ್ಲಿನ ಸ್ವಭಾವವೂ ಸ್ವಲ್ಪ ಗೊತ್ತಿರಲಿ. ಫ್ರಾನ್ಸಿಸ್ ಬುಕಾನನ್ ಅನ್ನುವ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ, 1807ರಲ್ಲಿ ಅಚ್ಚಾದ ತನ್ನ ವರದಿಯಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಅಂತ ಅರ್ಥ ಬರುವ ಪದದಿಂದ. ನೆಲದೊಳಗೆ ಕಬ್ಬಿಣದ ಉಳಿಗೆ ಸಲೀಸಾಗಿ ಕತ್ತರಿಸಲು ಸಿಗುವ ಇದು ಗಾಳಿಗೆ ಬಂದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಅಂತ ಅವನು ಗಮನಿಸಿದ್ದ. ನಮ್ಮ ಕಲ್ಲು ಕಡಿಯುವವರಿಗೆ ಅದು ಮೊದಲೇ ಗೊತ್ತಿತ್ತು ಅನ್ನುವುದು ಬೇರೆ ಮಾತು. ನಿಮಗೆ ಇದರಿಂದ ಏನು ಉಪಯೋಗ ಅಂದರೆ, ಹಿಟಾಚಿ ಹೊಸದಾಗಿ ಕೆದಕಿದ ತುಂಡುಗಳಲ್ಲಿ ಮೆತ್ತಗಿನವೂ ಇರುತ್ತವೆ. ಬಕೆಟ್ ಅಲ್ಲಾಡಿಸಿದಾಗ ಪುಡಿಯಾಗಿ ಬೀಳುವವು ಬೀಳಲಿ, ಅವು ಮಣ್ಣು. ಒಂದು ಬೇಸಿಗೆ ಬಿಸಿಲಿಗೆ ಬಿಟ್ಟರೆ ಅವೇ ಗಟ್ಟಿಯಾಗಿ ತಲೆನೋವಾಗುತ್ತವೆ. ಹಾಗಾಗಿ ಕೆದಕಿದ ವರ್ಷವೇ ಹೆಕ್ಕಿ ಮುಗಿಸಿ.

ಹೆಕ್ಕುವ ಕ್ರಮ: ಮೊದಲು ಕಲ್ಟಿವೇಟರ್ ಹಾಕಿ ನಾಲ್ಕೈದು ಇಂಚು ಸಡಿಲ ಮಾಡಿ. ಆಮೇಲೆ ಅತಿ ಕಡಿಮೆ ಗೇರಿನಲ್ಲಿ, ಹಲ್ಲಿನ ತುದಿಯನ್ನು ಸ್ವಲ್ಪವೇ ಬಗ್ಗಿಸಿ ನೇರ ಹೋಗಿ. ಹಲ್ಲು ಮಣ್ಣಿನಲ್ಲಿರುವಾಗ ಸ್ಟೇರಿಂಗ್ ತಿರುಗಿಸಲೇಬೇಡಿ. ಬಕೆಟ್ ಹಾಳಾಗುವುದು ಎದುರಿನ ಕಲ್ಲಿಗಿಂತ ಹೆಚ್ಚಾಗಿ ಈ ತಿರುವಿನಲ್ಲಿ. ಹಲ್ಲು ಉದ್ದಕ್ಕೆ ಆನೆ, ಪಕ್ಕಕ್ಕೆ ಕಡ್ಡಿ. ಮುಕ್ಕಾಲು ತುಂಬಿದಾಗ ಎತ್ತಿ, ನೆಲದಿಂದ ಒಂದಡಿ ಮೇಲೆ ಇಟ್ಟು, ಲಿವರನ್ನು ಮೆಲ್ಲಗೆ ಹಿಂದೆ ಮುಂದೆ ಮಾಡಿ ನಾಲ್ಕು ಸಲ ಅಲ್ಲಾಡಿಸಿ. ದಡ್ ದಡ್ ಅಂತ ಹೊಡೆದರೆ ಪಿನ್ನು, ಬುಶ್ಶು ಹೋಗುತ್ತವೆ. ಪ್ರತಿ ಎಂಟು ಗಂಟೆಗೊಮ್ಮೆ ಗ್ರೀಸ್ ಹೊಡೆಯಿರಿ. ಇಳಿಜಾರಿನಲ್ಲಿ ಅಡ್ಡ ಹೋಗಬೇಡಿ. ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್‌ನಲ್ಲಿ, ತುಂಬಿದ ಬಕೆಟ್ ಯಾವಾಗಲೂ ಗುಡ್ಡೆಯ ಕಡೆ. ಟ್ರ್ಯಾಕ್ಟರಿಗೆ ಉರುಳು ರಕ್ಷಣೆಯ ಕಂಬಿ ಇಲ್ಲದಿದ್ದರೆ ಕಡಿದಾದ ಜಾಗವನ್ನು ಆಳಿಗೇ ಬಿಡಿ, ಅಲ್ಲಿ ಉಳಿಸುವ ಕೂಲಿ ಬೇಡ.

ರಾಶಿ ಎಲ್ಲಿ ಹಾಕುತ್ತೀರಿ ಅಂತ ಮೊದಲೇ ಗುರುತು ಮಾಡಿ. ಪಾಗಾರ ಕಟ್ಟುವ ಗೆರೆಯ ಪಕ್ಕದಲ್ಲೇ ಸುರಿದರೆ ಎರಡನೇ ಸಲ ಎತ್ತುವುದು ತಪ್ಪುತ್ತದೆ. ಸಣ್ಣದು ತೋಟದ ದಾರಿಗೆ ಒಳ್ಳೆಯದಾಗುತ್ತದೆ. ಮಾರುವ, ಹೊರಗೆ ಸಾಗಿಸುವ ಯೋಚನೆ ಇದ್ದರೆ ಮಾತ್ರ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಿಯೇ ಲಾರಿ ಕರೆಸಿ. ಮುರಕಲ್ಲು ಉಪಖನಿಜದ ಪಟ್ಟಿಯಲ್ಲಿದೆ, ನಿಮ್ಮ ಜಾಗದ್ದು ಅಂದ ಮಾತ್ರಕ್ಕೆ ರಸ್ತೆಯಲ್ಲಿ ಬಿಡುವುದಿಲ್ಲ.

ಕಲ್ಲು ಸುರಿಯುವಾಗ ಯಾರಾದರೊಬ್ಬರು ಕೆಳಗೆ, ದೂರದಲ್ಲಿ, ನಿಂತು ನೋಡುತ್ತಿರಲಿ. ಹಳೆಯ ಬೆಟ್ಟು ಜಾಗಗಳಲ್ಲಿ ಉಳಿಯ ಗುರುತಿರುವ ಕಲ್ಲು, ಕೆಲವೊಮ್ಮೆ ಹೆಡೆ ಕೆತ್ತಿದ ನಾಗನ ಕಲ್ಲು ಮಣ್ಣಿನಡಿ ಇರುವುದುಂಟು. ಅಂಥದ್ದು ಬಂತು ಅಂತಾದರೆ ಬಕೆಟ್ ಯಾವುದು, ಹಲ್ಲಿನ ಸಂದಿ ಎಷ್ಟು ಅನ್ನುವ ಮಾತೆಲ್ಲ ಬದಿಗೆ. ಡ್ರೈವರ್ ಇಂಜಿನ್ ಆಫ್ ಮಾಡಿ, ಇಳಿದು, ಚಪ್ಪಲಿ ಬಿಟ್ಟು ನಿಂತ ಅಂದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು.